ವಾಣಿಜ್ಯ ಸಂಗೀತದ ವ್ಯಾಸಂಗ



ವಿಶ್ವವಿದ್ಯಾನಿಲಯವನ್ನು ಬದಿಗಿರಿಸಿ ಟೆಕ್ಸಸ್ಸಿನ ಲೆವೆಲ್ಯಾಂಡಿನಲ್ಲಿರುವ ಸೌತ್ ಪ್ಲೇನ್ಸ್ ಕಾಲೇಜಿನಲ್ಲಿ ವಾಣಿಜ್ಯ ಸಂಗೀತವನ್ನು ಅಭ್ಯಸಿಸಲು ತಮ್ಮ ಮಗಳು ಹಟತೊಟ್ಟಿರುವಳೆಂದು ಕಳವಳದಿಂದ ಬರೆದಿರುವಿರಿ. ಅದು ಕೀಳು ವಿದ್ಯೆಯೆಂಬ ತಮ್ಮ ಶಂಕೆಯನ್ನು ನಾನು ಒಪ್ಪಲಾರೆ. ಕಂಟ್ರಿ, ಬ್ಲೂಗ್ರಾಸ್ ಮೊದಲಾದ ಜನಪ್ರಿಯ ಪದ್ಧತಿಗಳನ್ನು ಪಠ್ಯಕ್ರಮದೊಳಕ್ಕೆ ಗೌರವದಿಂದ ಬರಮಾಡಿಕೊಂಡ ಆ ವಿದ್ಯಾಲಯದಲ್ಲಿ ಕಲಿತ ಲೀ ಆನ್ ವೊಮ್ಯಾಕ್, ಅನಂತರ ನ್ಯಾಶ್‌ವಿಲ್ಲಿನ ಬೆಲ್ಮಾಂಟ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಪ್ರಖ್ಯಾತ ಗಾಯಕಿಯಾದರು.

ಆದರೆ ಒಬ್ಬರ ಕೀರ್ತಿಯನ್ನೇ ನೆಚ್ಚಿ ಹೊರಡುವುದು ತರವಲ್ಲ. ಮಗಳು ಗಾಯನದೊಡನೆ ಧ್ವನಿಮುದ್ರಣ, ಶ್ರವಣಾಭ್ಯಾಸ, ಗೀತರಚನೆಗಳನ್ನೂ, ಅವೆಲ್ಲಕ್ಕಿಂತ ಮಿಗಿಲಾಗಿ ಹಕ್ಕುಸ್ವಾಮ್ಯದ ವಿಚಾರವನ್ನೂ ಕಲಿಯಲಿ. ಅಮೆರಿಕದ ಕಾನೂನಿನಲ್ಲಿ ಗೀತೆಯ ಹಕ್ಕು ಬೇರೆ, ಅದರ ಧ್ವನಿಮುದ್ರಿಕೆಯ ಹಕ್ಕು ಬೇರೆ. ಅಲ್ಲಿನ ಸಾಂಪ್ರದಾಯಿಕ ಬಾನುಲಿ ಕೇಂದ್ರಗಳು ಹಾಡನ್ನು ಬಿತ್ತರಿಸಿದಾಗ ರಚಿಸಿದವರಿಗೆ ಸಂಭಾವನೆ ಸಲ್ಲುವುದೇ ಹೊರತು ಹಾಡಿದವರಿಗಲ್ಲ. ಇದನ್ನರಿಯದೆ ಒಪ್ಪಂದಗಳಿಗೆ ಸಹಿಯಿಟ್ಟು ನೊಂದ ಪ್ರತಿಭಾವಂತರನ್ನು ನೆನೆದರೆ ಮನಸ್ಸು ಮರುಗುತ್ತದೆ.

ಆ ಕಾಲೇಜಿನ ಎರಡು ವರ್ಷಗಳ ಪದವಿಯ ತರುವಾಯ ವಿಶ್ವವಿದ್ಯಾನಿಲಯ ಸೇರುವ ಮಾರ್ಗ ತೆರೆದೇ ಇರುವುದು. ಆದರೆ ಭಾಷೆ, ಗಣಿತ, ಇತಿಹಾಸಗಳ ಕ್ರೆಡಿಟ್ಟುಗಳು ಸಲ್ಲುವಷ್ಟು ಸುಲಭವಾಗಿ ವಾಣಿಜ್ಯ ಸಂಗೀತದವು ಎಲ್ಲೆಡೆಯೂ ಸಲ್ಲವು, ಸಂಗೀತ ವಿಭಾಗಗಳು ಹೊಸದಾಗಿ ಧ್ವನಿಪರೀಕ್ಷೆಯನ್ನೂ ನಡೆಸುವುದುಂಟು. ಆದಕಾರಣ ಮುಂದೆ ಸೇರಬಯಸುವ ವಿಶ್ವವಿದ್ಯಾನಿಲಯದಿಂದ, ಯಾವ ಪಾಠಗಳು ಸಲ್ಲುವುವೆಂಬುದನ್ನು ಪ್ರವೇಶಕ್ಕೆ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಿರಿ. ಅದನ್ನು ಕೋರುವ ಪತ್ರವನ್ನು ಮಗಳೇ ಬರೆಯಲಿ.