ಕಬ್ಬಿನ ಸೀಮೆಯಲ್ಲಿ ಹಳೆಯ ಥಂಡರ್‌ಬರ್ಡ್

ನನ್ನದು ಕಾರ್ಬ್ಯುರೇಟರ್ ಕಾಲದ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್. 2002ರಲ್ಲಿ ಬಂದ ಮಾದರಿ. ಎತ್ತರದ ಹ್ಯಾಂಡಲ್, ತಗ್ಗಿನ ಸೀಟು, 350 ಸಿಸಿ ಎಂಜಿನ್. ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ ದಾಟಿ ಅಥಣಿಯತನಕ ಅದರ ಮೇಲೆ ಹೋಗುವ ಸುಖವೇ ಬೇರೆ. ಆದರೆ ಇಲ್ಲಿ ಅದನ್ನು ಸಾಕಬೇಕೆಂದರೆ ಕಬ್ಬು ಮತ್ತು ಕೃಷ್ಣೆ, ಎರಡರ ಸ್ವಭಾವವೂ ಗೊತ್ತಿರಬೇಕು.

ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರುಗಳ ಧೂಳು. ಕಂಪನಿ ಪುಸ್ತಕದ ಲೆಕ್ಕಕ್ಕೆ ಕಾಯದೆ ಏರ್ ಫಿಲ್ಟರ್ ಬಿಚ್ಚಿ ನೋಡುತ್ತಿರಬೇಕು. ಎರೆಮಣ್ಣು ಮಡ್‌ಗಾರ್ಡ್ ಒಳಗೆ ಒಣಗುವ ಮೊದಲೇ ತೊಳೆದು ಚೈನಿಗೆ ಎಣ್ಣೆ ಬಿಡಬೇಕು. ಇದು ಹಳೆಯ ಕಾಟ.

ಹೊಸ ಕಾಟ ಟ್ಯಾಂಕಿನೊಳಗೇ ಇದೆ. 2023ರ ಫೆಬ್ರವರಿಯಿಂದ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂಕುಗಳಿಗೆ ಬರತೊಡಗಿತು. ಈ ಎಥನಾಲ್‌ನಿಂದ ನಮ್ಮ ಕಬ್ಬಿಗೆ ಬೆಲೆ ಸಿಗಲಿ ಎನ್ನುವವನೇ ನಾನು. ಆದರೂ ಹಳೆಯ ಗಾಡಿಯ ರಬ್ಬರು ಈ ಬೆರಕೆಗೆಂದು ಮಾಡಿದ್ದಲ್ಲ. ಮಳೆಗಾಲವಿಡೀ ನಿಂತಿದ್ದ ಗಾಡಿಯ ಕಾರ್ಬ್ಯುರೇಟರ್ ಬಿಚ್ಚಿದಾಗ ಬಟ್ಟಲಿನ ತಳದಲ್ಲಿ ನೀರಿನ ಗುಳ್ಳೆಗಳು, ಜೆಟ್ ಸುತ್ತ ಬಿಳಿ ಪುಡಿ. ಓ-ರಿಂಗ್ ಉಬ್ಬಿ ತನ್ನ ಜಾಗದಲ್ಲೇ ಮತ್ತೆ ಕೂರಲಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ನೀರೂ ಎಥನಾಲೂ ಒಂದಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಅಲ್ಲಿಂದ ತುಕ್ಕು. ಈಗ ಎಥನಾಲ್ ತಡೆಯುವ ಪೈಪು, ಓ-ರಿಂಗ್ ಹಾಕಿಸಿದ್ದೇನೆ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿ, ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ಆರುವತನಕ ಓಡಿಸುತ್ತೇನೆ, ಬಟ್ಟಲು ಬರಿದಾಗುತ್ತದೆ.

ಇನ್ನು ನೆರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೇ ಉಕ್ಕಿದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯೇ ಬಂದ್ ಆಯಿತು. ಮುಳುಗಿದ ಗಾಡಿಗೆ ಕಿಕ್ ಹೊಡೆಯಲೇಬಾರದು, ಸೆಲ್ಫ್ ಒತ್ತಲೂಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಅದು ಅದುಮಿಸಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಪ್ಲಗ್ ಬಿಚ್ಚಿ ನೀರು ಹೊರಹಾಕಬೇಕು, ಆಯಿಲ್ ಇಳಿಸಿ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ.

ಬಿಡಿಭಾಗದ ಚಿಂತೆ ಅಷ್ಟಿಲ್ಲ: ಕಾಗವಾಡದವರಿಗೆ ಮಿರಜ್ ಪಕ್ಕದಲ್ಲೇ, ನಿಪ್ಪಾಣಿಯವರಿಗೆ ಕೊಲ್ಹಾಪುರ.

ಹಳೆಯ ಗಾಡಿ ಕೊಳ್ಳಲು ಹೊರಟವರು ಸೈಲೆನ್ಸರ್ ಸದ್ದು ಕೇಳುವ ಮೊದಲು ಟಾರ್ಚ್ ಬಿಟ್ಟು ಟ್ಯಾಂಕಿನ ಒಳಗೆ ನೋಡಿ. ಆಮೇಲೆ ಆರ್‌ಸಿ ತಾರೀಖು ನೋಡಿ. 15 ವರ್ಷ ದಾಟಿದ್ದರೆ ನವೀಕರಣ ಆಗಿರಬೇಕು, ಅದೂ ಐದೇ ವರ್ಷಕ್ಕೆ. ಆಗಿಲ್ಲದಿದ್ದರೆ ಮಾರುವವರೇ ಮಾಡಿಸಿಕೊಡಲಿ. ಅಲ್ಲಿಯತನಕ ಹಣ ಕೊಡಬೇಡಿ.