ಪೆಟ್ಟಾದ ಮಗು ಸುಮ್ಮನಿದ್ದರೆ ಎಚ್ಚರ



ಮಾಳಿಗೆಯಿಂದ ಬಿದ್ದ ಮಗು, ಟ್ರ್ಯಾಕ್ಟರಿಗೆ ಸಿಕ್ಕ ಮಗು, ರಸ್ತೆ ದಾಟುವಾಗ ಬೈಕ್ ಬಡಿದ ಮಗು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ಇಂಥ ಅಪಘಾತಗಳು ಹೊಸವಲ್ಲ. ಜೋರಾಗಿ ಅಳುವ ಮಗುವಿಗೆ ಸದ್ಯಕ್ಕೆ ಉಸಿರು ಆಡುತ್ತಿದೆ ಎಂದು ತಿಳಿಯಿರಿ. ಪೆಟ್ಟಾದ ಮೇಲೆ ಸುಮ್ಮನೆ ಮಲಗಿದ ಮಗುವಿಗೆ ಅದಕ್ಕಿಂತ ಹೆಚ್ಚಿನ ಅಪಾಯ ಇರಬಹುದು. "ನಿದ್ದೆ ಹತ್ತಿದೆ, ಮಲಗಲಿ" ಎಂದು ಬಿಡಬೇಡಿ.

ಮಕ್ಕಳ ದೇಹ ಅಪಾಯವನ್ನು ಬೇಗ ತೋರಿಸುವುದಿಲ್ಲ

10 ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 800 ಮಿ.ಲೀ. ಮಾತ್ರ. ಒಂದು ಲೋಟದಷ್ಟು, ಅಂದರೆ 200 ಮಿ.ಲೀ. ಹೋದರೂ ಕಾಲುಭಾಗ ಹೋದಂತೆ. ಆಗಲೂ ರಕ್ತದೊತ್ತಡ ಸರಿಯಾಗಿಯೇ ಇರಬಹುದು. ಅದು ಕುಸಿಯುವ ಹೊತ್ತಿಗೆ ತಡವಾಗಿರುತ್ತದೆ. ಮೈ ಬಿಳಿಚುವುದು, ಕೈಕಾಲು ತಣ್ಣಗಾಗುವುದು, ಏದುಸಿರು, ಮಂಪರು, ಮೇಲಿಂದ ಮೇಲೆ ವಾಂತಿ, ಹೊಟ್ಟೆ ಉಬ್ಬುವುದು, ಫಿಟ್ಸ್ – ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ.

ನೀವು ಮಾಡಬೇಕಾದುದು

1. ಕೂಡಲೇ 108ಕ್ಕೆ ಫೋನ್ ಮಾಡಿ. ಈ ಅಂಬ್ಯುಲೆನ್ಸ್ ಸೇವೆ ಉಚಿತ.

2. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. 10 ನಿಮಿಷ ತೆಗೆದು ನೋಡಬೇಡಿ. ಅರಿಶಿಣ, ಕಾಫಿಪುಡಿ ಹಾಕಬೇಡಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ.

3. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರಲಿ. ವಾಂತಿಯಾದರೆ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ.

4. ನೀರು, ಚಹಾ ಕುಡಿಸಬೇಡಿ. ಉಳ್ಳಾಗಡ್ಡಿ ಮೂಸಿಸುತ್ತ ಹೊತ್ತು ಕಳೆಯಬೇಡಿ. ಚಾದರ ಹೊದಿಸಿ ಬೆಚ್ಚಗಿಡಿ.

ಮೊದಲು ಹತ್ತಿರದ ಆಸ್ಪತ್ರೆ

ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿ ಸುಮಾರು 40 ಕಿ.ಮೀ.; ಅಫಜಲಪುರದಿಂದ ಇನ್ನೂ ದೂರ. "ದೊಡ್ಡ ಆಸ್ಪತ್ರೆಗೇ ಒಯ್ಯೋಣ" ಎಂದು ತಾಲೂಕು ಆಸ್ಪತ್ರೆಯನ್ನು ದಾಟಿ ಹೋದರೆ ಮಗು ದಾರಿಯಲ್ಲೇ ಕೈಬಿಡಬಹುದು. ಮೊದಲು ಅಲ್ಲಿ ಉಸಿರಾಟ ಸರಿಪಡಿಸಿ, ರಕ್ತ ನಿಲ್ಲಿಸಲಿ. ಆಮೇಲೆ ವೈದ್ಯರು ಹೇಳಿದಂತೆ ಮುಂದಕ್ಕೆ ಹೋಗಿ.

ವೈದ್ಯರು ಮೊದಲು ಉಸಿರಾಟ, ನಂತರ ರಕ್ತಸ್ರಾವ, ನಂತರ ಪ್ರಜ್ಞೆ ನೋಡುತ್ತಾರೆ. ಹೊಲಿಗೆ ಆಮೇಲೆ. "ಗಾಯ ಬಿಟ್ಟು ಬೇರೇನೋ ನೋಡುತ್ತಾರೆ" ಎಂದು ಗಾಬರಿಯಾಗಬೇಡಿ. ರಕ್ತನಾಳ ಸಿಗದಿದ್ದರೆ ಮೊಣಕಾಲಿನ ಕೆಳಗಿನ ಎಲುಬಿಗೆ ಸೂಜಿ ಹಾಕಿ ದ್ರವ ಕೊಡಬಹುದು. ಅದು ಜೀವ ಉಳಿಸುವ ಕ್ರಮ, ತಡೆಯಬೇಡಿ.

ಮಕ್ಕಳಿಗೆ ಔಷಧಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಅಂಗನವಾಡಿಯಲ್ಲಿ ತೂಗಿದ ತೂಕ ನೆನಪಿಟ್ಟುಕೊಳ್ಳಿ. ಪೆಟ್ಟಾದ ಹೊತ್ತು, ಬಿದ್ದ ರೀತಿ, ಕೊನೆಗೆ ಉಂಡ ಹೊತ್ತು ತಪ್ಪದೆ ಹೇಳಿ.

ನೆರೆಹೊರೆಯವರೂ ಪೊಲೀಸ್ ಕೇಸಿಗೆ ಅಂಜಬೇಕಿಲ್ಲ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ನೀಡಿದೆ. ಯಾರ ಮಗುವಾದರೂ ಸರಿ, ಎತ್ತಿಕೊಂಡು ಬನ್ನಿ.