ತಲೆಗೆ ಪೆಟ್ಟಾದ ಮಗು: ಡಾಕ್ಟರಿಗೆ ಏನು ಹೇಳಬೇಕು, ಏನು ಕೇಳಬೇಕು

ಸುರಪುರದ ಮಕ್ಕಳು ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತಾರೆ, ಗುಡ್ಡದ ಬಂಡೆ ಹತ್ತುತ್ತಾರೆ, ಕಬಡ್ಡಿ ಆಡುತ್ತಾರೆ. ಬಿದ್ದು ತಲೆಗೆ ಪೆಟ್ಟಾದರೆ, ರಕ್ತ ಬಂದಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಹೊರಗೆ ಗಾಯವಿಲ್ಲದೆಯೂ ಮಿದುಳು ಅಲುಗಿರಬಹುದು. ಇದನ್ನೇ ವೈದ್ಯರು ಕನ್ಕಷನ್ ಎನ್ನುತ್ತಾರೆ. ಅದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ.

ಡಾಕ್ಟರ ಮುಂದೆ ಬರೀ 'ಬಿದ್ದಾನ್ರಿ' ಅಂದರೆ ಸಾಲದು. ಎಷ್ಟು ಎತ್ತರದಿಂದ ಬಿದ್ದ, ಎಷ್ಟು ಸಲ ವಾಂತಿಯಾಯಿತು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾನೆಯೇ ಎಂಬುದನ್ನು ಬಿಡಿಸಿ ಹೇಳಿ. ಸಿ.ಟಿ. ಸ್ಕ್ಯಾನ್ ಬೇಡವೆಂದರೆ ಅಸಡ್ಡೆ ಎಂದುಕೊಳ್ಳಬೇಡಿ. ಸ್ಕ್ಯಾನ್ ತೋರಿಸುವುದು ರಕ್ತಸ್ರಾವವನ್ನು, ಬುರುಡೆಯ ಬಿರುಕನ್ನು. ಕನ್ಕಷನ್ ಅದರಲ್ಲಿ ಕಾಣುವುದಿಲ್ಲ. ಹಾಗಾಗಿ 'ಸ್ಕ್ಯಾನ್ ನಾರ್ಮಲ್' ಎಂದಾಕ್ಷಣ ಆಟಕ್ಕೂ ಬಿಡಬೇಡಿ. ಶಾಲೆಗೆ ಯಾವಾಗ, ಆಟಕ್ಕೆ ಯಾವಾಗ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಶಿಕ್ಷಕರಿಗೂ ತೋರಿಸಿ.

ಮೊದಲ 24–48 ಗಂಟೆ ವಿಶ್ರಾಂತಿ ಇರಲಿ, ಮೊಬೈಲ್ ಕಡಿಮೆಯಾಗಲಿ. ಆಮೇಲೆ ಸ್ವಲ್ಪಸ್ವಲ್ಪವಾಗಿ ಓಡಾಟ, ಪಾಠ, ಆಟ ಕೊನೆಗೆ. ಹೆಚ್ಚಿನ ಮಕ್ಕಳು 4 ವಾರದೊಳಗೆ ಚೇತರಿಸಿಕೊಳ್ಳುತ್ತಾರೆ.

ಪದೇ ಪದೇ ವಾಂತಿ, ಏರುತ್ತಿರುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕಿವಿ-ಮೂಗಿನಿಂದ ರಕ್ತ ಅಥವಾ ನೀರು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.